ಅಂಗಿಯೊರತೆಗೆ ಆ ಹೆಸರು ಬಂದುದು

ಪೋಲೆಂಡ್ ದೇಶದ ದಕ್ಷಿಣದ ಬೆಟ್ಟಗಳಲ್ಲಿ ಶರತ್ಕಾಲದಲ್ಲಿ, ಅಂದರೆ ಬೀಚ್ ಮರಗಳ ಎಲೆ ಕೆಂಪಾಗಿ ಉದುರುವ ಅಕ್ಟೋಬರಿನಲ್ಲಿ, ಕಾಲ್ನಡಿಗೆಯ ರಜೆಗೆಂದು ಬರುವವರು ಒಂದು ಒರತೆಯ ಬಳಿ ನಿಂತು ಬಾಟಲಿ ತುಂಬಿಕೊಳ್ಳುತ್ತಾರೆ. ಒರತೆ ದೊಡ್ಡದೇನಲ್ಲ, ಬಂಡೆಯ ಬುಡದಲ್ಲಿ ಬಾನಿಯಷ್ಟು ನೀರು. ಇದನ್ನು ಅಂಗಿಯೊರತೆ ಎನ್ನುತ್ತಾರೆ. ಬಗ್ಗಿ ನೋಡಿದರೆ ನೀರಿನ ಮೇಲೆ ಎಣ್ಣೆಯಂಥ ತೆಳುಪೊರೆ ಬಣ್ಣಬಣ್ಣವಾಗಿ ತೇಲುತ್ತದೆ. ಅದು ಬಂಡೆಯೊಳಗಿನ ಕಬ್ಬಿಣದ ಅಂಶವೆಂದು ಓದಿದವರು ಹೇಳುತ್ತಾರೆ. ಕೆಳಗೆ ವಸತಿಗೃಹ ನಡೆಸುವ ಮುದುಕಿ ಬ್ರೋನ್ಯಾ ಹಾಗೆ ಹೇಳುವುದಿಲ್ಲ. ಆಕೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಊಟಕ್ಕೆ ಮುಂಚೆ ಓದುವುದು ಬೇಡವೆಂದು ಮೊದಲೇ ತಿಳಿಸಿಬಿಡುತ್ತೇನೆ.

ಹಿಂದೆ ಒಮ್ಮೆ ಇಲ್ಲಿ ಸೋಬೆಕ್ ಎಂಬ ಕುರುಬನಿದ್ದನಂತೆ. ಇಲ್ಲಿನ ಕುರುಬರು ವಸಂತದಲ್ಲಿ ಕುರಿಗಳೊಡನೆ ಮೇಲಿನ ಹುಲ್ಲುಗಾವಲಿಗೆ ಹೋದರೆ ಇಳಿಯುವುದು ಶರತ್ಕಾಲದಲ್ಲಿಯೇ. ಹೋಗುವ ಮುನ್ನ ಅಂಗಿಯನ್ನು ಬೆಣ್ಣೆಯಲ್ಲಿ ಕುದಿಸುತ್ತಿದ್ದರು. ಏಕೆಂದರೆ ಜಿಡ್ಡು ಹಿಡಿದ ಅಂಗಿಯೊಳಕ್ಕೆ ಮಳೆ ಇಳಿಯುವುದಿಲ್ಲ, ಹೇನು ಹತ್ತುವುದಿಲ್ಲ. ಕುರಿಗಳು ದೊಡ್ಡಿ ಸೇರುವವರೆಗೆ ಅದನ್ನು ಒಗೆಯುವಂತಿಲ್ಲ. ಒಗೆದರೆ ಮಂದೆಗೆ ರೋಗವೆಂದು ನಂಬಿಕೆ. ಬೆವರು, ಹೊಗೆ, ಹುಳಿತ ಹಾಲು, ಕುರಿಗೊರಸಿನ ಕೀವು ಎಲ್ಲವನ್ನೂ ಹೀರಿ ಸೋಬೆಕನ ಅಂಗಿ ಕಪ್ಪಗೆ ತೊಗಲಿನಂತಾಗಿತ್ತು. ಬಿಚ್ಚಿಟ್ಟರೆ ತಾನೇ ನಿಲ್ಲುತ್ತಿತ್ತು ಎನ್ನುತ್ತಾರೆ.

ಅವನು ಇಳಿದು ಬಂದ ದಿನವೇ ವಿಕ್ಟಾ ಎಂಬ ಹುಡುಗಿಯೊಡನೆ ಅವನ ಮದುವೆ. ಅವಳು ಹೊಸಿಲಿಗೆ ಅಡ್ಡ ನಿಂತು, "ಹೋತವೂ ನಿನ್ನನ್ನು ಕಂಡು ಮೂತಿ ತಿರುಗಿಸುತ್ತದಲ್ಲೋ ಸೋಬೆಕಾ. ಅಂಗಿ ಒಗೆದು ಬಾ, ಇಲ್ಲದಿದ್ದರೆ ಮದುವೆಯಿಲ್ಲ" ಎಂದಳು. ಕುರಿಗಳು ದೊಡ್ಡಿ ಸೇರಿದ್ದರಿಂದ ಒಗೆಯಲು ಅಡ್ಡಿಯಿರಲಿಲ್ಲ. ಆದರೆ ಅವನು ಜನ್ಮದಲ್ಲಿ ಬಟ್ಟೆ ಒಗೆದವನಲ್ಲ. ಹೆಂಗಸರು ಒಗೆಯುವುದು ಊರ ಕೆಳಗಿನ ಹೊಳೆಯಲ್ಲಿ ಎಂಬುದೂ ಅವನಿಗೆ ತಿಳಿಯದು. ಅವನು ಮೇಲಕ್ಕೆ ಹೋದನು. ಅವಳನ್ನೇ ನೆನೆಯುತ್ತ ಉಜ್ಜಿ ಉಜ್ಜಿ ಒಗೆದು, ಒದ್ದೆಯಂಗಿಯನ್ನೇ ತೊಟ್ಟು ಬಂದನು. ಅಷ್ಟರಲ್ಲಿ ಮದುವೆಯೂಟದ ಸಾರಿಗೆ ನೀರು ಸಾಲದೆ ವಿಕ್ಟಾಳ ತಾಯಿ ಮುಸ್ಸಂಜೆಯ ಮಬ್ಬಿನಲ್ಲಿ ಮೇಲಿನ ಒರತೆಯಿಂದ ಕೊಡ ತುಂಬಿ ತಂದು ಸುರಿದಿದ್ದಳು.

ಸಾರನ್ನು ಮೊದಲು ಮದುಮಗಳು ರುಚಿ ನೋಡಬೇಕು, ಆಮೇಲೆ ನೆಂಟರು ಚಮಚ ಎತ್ತಬೇಕು. ಅದು ಅವರ ಪದ್ಧತಿ. ವಿಕ್ಟಾ ಬಾಯಿಗಿಟ್ಟಳು. ಹಳಸಿದ ಜಿಡ್ಡು ಅಂಗುಳಿಗೆ ಮೆತ್ತಿತು, ಹಲ್ಲಿನ ಸಂದಿಗೆ ಕುರಿಗೂದಲು ಸಿಕ್ಕಿತು. ಅವಳು ಅದನ್ನು ಅಂಗೈಗೆ ಉಗುಳಿ, "ಅಂಗಿ ಎಲ್ಲಿ ಒಗೆದೆ?" ಎಂದು ಕೇಳಿದಳು.

"ನಿನಗಾಗಿ ಒಗೆದದ್ದಲ್ಲವೇ," ಎಂದನು ಸೋಬೆಕ್. "ಎಲ್ಲಕ್ಕಿಂತ ಚೊಕ್ಕಟವಾದ ನೀರಿನಲ್ಲಿಯೇ."

ಅವಳು ಕೊಪ್ಪರಿಗೆಯನ್ನು ಎತ್ತಿಕೊಂಡು ಹೋಗಿ ಬೇಲಿಯಾಚೆ ಸುರಿದಳು. ಮದುವೆ ಆಗಲಿಲ್ಲ. ಸೋಬೆಕ್ ಆ ಒದ್ದೆಯಂಗಿಯಲ್ಲಿಯೇ ಬೆಟ್ಟ ಹತ್ತಿದನು, ಮತ್ತೆ ಇಳಿಯಲಿಲ್ಲ ಎನ್ನುತ್ತಾರೆ.

ವಿಕ್ಟಾಳ ಮನೆಯಿದ್ದ ಜಾಗದಲ್ಲೇ ಇಂದಿನ ವಸತಿಗೃಹವಿದೆ. ಬ್ರೋನ್ಯಾ ಈ ಕಥೆಯನ್ನು ನಡೆದು ಬಂದವರಿಗೆ ಅವರು ನೀರು ಕುಡಿದಾದ ಮೇಲೆಯೇ ಹೇಳುತ್ತಾಳೆ. ಅವರು ಎದ್ದು ಅದೇ ಬೇಲಿಯಾಚೆ ಬಾಟಲಿ ಬಗ್ಗಿಸುತ್ತಾರೆ. ಅಕ್ಟೋಬರಿನಲ್ಲಿ ಬೆಟ್ಟದ ಹುಲ್ಲೆಲ್ಲ ಒಣಗಿ ಕಂದಾಗಿರುವಾಗ ಬೇಲಿಯಾಚೆಯ ಅಷ್ಟಗಲದ ಹುಲ್ಲು ಮಾತ್ರ ಮೊಣಕಾಲೆತ್ತರ, ಹಚ್ಚಹಸಿರು. ಬೆಟ್ಟದಿಂದ ಇಳಿದು ಬರುವ ಕುರಿಗಳು ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ.