ಬದನೆ ಸಸಿ ಬೇಡಿದ ಸುಳ್ಳು

ದಸರಾ ರಜೆಗೆ ಶಾಲೆ ಮುಚ್ಚುವ ದಿನ ಎಂಟನೇ ತರಗತಿಯ ಮಕ್ಕಳು ಕುಂಡದ ಬದನೆ ಸಸಿಗೆ ಒಂದು ಪುಟ್ಟ ಕಂಪ್ಯೂಟರನ್ನು ಕಾವಲಿಟ್ಟರು. ಮಣ್ಣಿಗೆ ಚುಚ್ಚಿದ ಸೆನ್ಸರ್ ತೇವ ನೋಡಿ ಹೇಳಬೇಕು, ಕಂಪ್ಯೂಟರ್ ಪಂಪು ನಡೆಸಿ ನೀರು ಬಿಡಬೇಕು. ಅವು ಮಾತಾಡಿದ್ದನ್ನು ನಾನು ಕಿಟಕಿಯಾಚೆ ನಿಂತು ಕೇಳಿದ್ದೇನೆ. ನಂಬದವರು ಬದನೆಯನ್ನೇ ವಿಚಾರಿಸಬಹುದು.

"ಮಣ್ಣು ಒಣಗಿದೆ," ಎಂದಿತು ಸೆನ್ಸರ್.

"ಹಾಗಾದರೆ ನೀರಿಲ್ಲ," ಎಂದಿತು ಕಂಪ್ಯೂಟರ್. "ಒದ್ದೆಯಿದ್ದಾಗ ಬಿಡು ಅಂತ ಮಕ್ಕಳು ಬರೆದಿದ್ದಾರೆ. ಬರೆದಂತೆ ನಡೆಯುವುದು ನನ್ನ ಧರ್ಮ."

ಸಸಿ ಕಂಗಾಲಾಯಿತು. "ಸೆನ್ಸರಣ್ಣಾ, ಒದ್ದೆ ಅಂತ ಒಂದೇ ಒಂದು ಸುಳ್ಳು ಹೇಳಿಬಿಡು, ನೀರು ಬರುತ್ತೆ!"

"ಬರುತ್ತೆ. ಮಕ್ಕಳು ಚಪ್ಪಾಳೆ ತಟ್ಟಿ ಬೀಗ ಹಾಕುತ್ತಾರೆ. ಆಮೇಲೆ ಮಣ್ಣು ನಿಜವಾಗಿಯೂ ಒದ್ದೆಯಾದರೂ ನೀರು ನಿಲ್ಲುವುದಿಲ್ಲ, ನೀನು ಕೊಳೆಯುತ್ತೀಯ. ತಪ್ಪು ಈಗಲೇ ಅವರ ಕಣ್ಣಿಗೆ ಬೀಳಲಿ."

ಬೀಗ ಹಾಕುವ ಮುನ್ನ ಪರೀಕ್ಷಿಸುತ್ತಿದ್ದ ಮಕ್ಕಳ ಮುಂದೆ ಪಂಪು ಅಲ್ಲಾಡಲಿಲ್ಲ.

"ಹಾಳು ಸೆನ್ಸರ್ ಕಣೇ, ಕಿತ್ತು ಬಿಸಾಕು," ಎಂದ ಬಸಲಿಂಗ ಎಂಬ ಹುಡುಗ.

"ತಡಿಯೋ ಮಾರಾಯ," ಎಂದು ಅವನ ಜೊತೆಗಾತಿ ರುಕ್ಸಾನ ಮಣ್ಣಿಗೆ ಬೆರಳಿಟ್ಟು ನೋಡಿದಳು. "ಒಣಗೇ ಇದೆ ಕಣೋ! ಇದು ಸರಿಯಾಗೇ ಹೇಳ್ತಿದೆ. ನಾವೇ ತಿರುಗಾಮುರುಗಾ ಬರೆದಿದ್ದೀವಿ."

ಕಂಪ್ಯೂಟರಿಗೆ ಬರೆದಿದ್ದ ಆ ಸಾಲನ್ನು ಇಬ್ಬರೂ ಕೂತು ತಿದ್ದಿದರು. ನೀರು ಹರಿಯಿತು. ಸ್ವಲ್ಪ ಹೊತ್ತಿಗೆ ಸೆನ್ಸರ್ "ಒದ್ದೆಯಾಯಿತು" ಎಂದಿತು, ಪಂಪು ನಿಂತಿತು.

"ಇನ್ನೊಂದು ಗುಟುಕಿಗಾಗಿ ಒಣಗಿದೆ ಅನ್ನಬಾರದೇ?" ಎಂದು ಸಸಿ ಗೊಣಗಿತು.

ಸೆನ್ಸರ್ ಮತ್ತೆ "ಒದ್ದೆ" ಎಂದೇ ಹೇಳಿತು. ಮಕ್ಕಳು ಧೈರ್ಯವಾಗಿ ಬೀಗ ಹಾಕಿದರು.