ಬಿಳಿ ದಾರದ ತೇಪೆ

ಮದ್ದಿನ ಪುಸ್ತಕವನ್ನು ನಕಲು ಮಾಡುತ್ತಿದ್ದ ಶಿಷ್ಯ ಗುರುಗಳನ್ನು ಕೇಳಿದ: “ತಿದ್ದಿದ್ದು ಎದ್ದುಕಾಣುವಂತೆ ಇರಲಿ ಅಂದಿರಿ. ಎದ್ದುಕಾಣುವಂತೆ ಅಂದರೆ ಏನು? ಒಂದು ಮದ್ದಿನ ಅಳತೆ ತಪ್ಪಿತ್ತು. ಕೆರೆದು, ಗೊತ್ತಾಗದ ಹಾಗೆ ಮತ್ತೆ ಬರೆದಿದ್ದೇನೆ. ಕೆಂಪು ಶಾಯಿಯಲ್ಲಿ ತಿದ್ದಿದರೆ ನನ್ನ ತಪ್ಪನ್ನು ನಾನೇ ಡಂಗುರ ಸಾರಿದಂತಲ್ಲವೇ?”

ಗುರುಗಳು ಹೇಳಿದರು:

ಹೊಳೆಯ ದಡದಲ್ಲಿ ಹರಿಗೋಲು ರಿಪೇರಿ ಮಾಡುವವನೊಬ್ಬನಿದ್ದ. ತೊಗಲು ಹರಿದಲ್ಲಿ ತೇಪೆ ಹಾಕಿ ಬಿಳಿ ದಾರದಲ್ಲೇ ಹೊಲಿಯುವುದು ಅವನ ಮನೆತನದ ಪದ್ಧತಿ. ಎಣ್ಣೆ ಕುಡಿದು ಕಪ್ಪಾದ ತೊಗಲಿನ ಮೇಲೆ ಆ ಹೊಲಿಗೆ ದೂರಕ್ಕೇ ಕಾಣುತ್ತಿತ್ತು. ಇವನಿಗೋ ಕಸುಬಿನ ಜಂಬ. ಒಂದು ಸಲ ಕಪ್ಪು ದಾರದಲ್ಲಿ ಹೊಲಿದು, ತೇಪೆ ಎಲ್ಲಿದೆ ಹುಡುಕು ಎಂದು ಅಂಬಿಗನಿಗೆ ಸವಾಲು ಹಾಕಿದ. ಅಂಬಿಗ ಹುಡುಕಿ ಸೋತ. ಇವನು ಉಬ್ಬಿಹೋದ.

ಮರುವಾರ ಬಾಣಂತನ ಮುಗಿದ ಮಗಳನ್ನೂ ಕೂಸನ್ನೂ ಅವಳ ಗಂಡನ ಮನೆಗೆ ಬಿಡಲು ಅದೇ ಹರಿಗೋಲು ಹತ್ತಿದ. ಮಗಳಿಗೆಂದು ಕೊಂಡಿದ್ದ ಬೀಸುವ ಕಲ್ಲನ್ನು ಅಂಬಿಗ ತೋಚಿದ ಕಡೆ ಇಟ್ಟ. ನಡುಹೊಳೆಯಲ್ಲಿ ನೀರು ಜಿನುಗಿತು. ನೋಡನೋಡುತ್ತ ಪಾದ ಮುಳುಗಿತು.

“ತೇಪೆ ಎಲ್ಲಿ ಹಾಕೀಯೋ ಯಪ್ಪಾ? ಲಗೂನ ಹೇಳು!” ಅಂಬಿಗ ಕೂಗಿದ.

“ನನಗೂ ಕಾಣವಲ್ದೋ!”

ಹೊಲಿದವನೇ ಮೊಣಕಾಲೂರಿ ತಡಕಾಡಿದ. ಎಲ್ಲ ಕಡೆ ಒಂದೇ ಕಪ್ಪು. ಮಗಳು ಕೂಸನ್ನು ತಲೆಯ ಮೇಲೆತ್ತಿ ಹಿಡಿದಳು. ಅವನು ತನ್ನ ಜಾಣತನವನ್ನು ಶಪಿಸುತ್ತ ಕೊನೆಗೆ ಕಲ್ಲನ್ನೂ ಎತ್ತಿ ಹೊಳೆಗೆ ಎಸೆದ. ತೇಪೆ ಅದರ ಅಡಿಯಲ್ಲೇ ಇತ್ತು, ಹೊಲಿಗೆ ಬಿಟ್ಟಿತ್ತು. ರುಮಾಲು ತುರುಕಿ, ಅಂಗೈ ಒತ್ತಿ ಕೂತ. ದಡ ಸೇರುವವರೆಗೂ ಕೈ ತೆಗೆಯಲಿಲ್ಲ.

ದಡದಲ್ಲಿ ಕೂಸು ಹಸಿವಿಗೆ ಕಿರುಚಿದಾಗ ಮೂವರಿಗೂ ಹೋದ ಜೀವ ಬಂದಂತಾಯಿತು. ಅವನು ನಗುತ್ತ, ಅಳುತ್ತ, ಕೂಸಿನ ಒಣ ಪಾದಗಳನ್ನು ಕಣ್ಣಿಗೊತ್ತಿಕೊಂಡ. ಮಗಳ ಗಂಟಿನಲ್ಲಿ ಕೌದಿ ಹೊಲಿಯುವ ಬಿಳಿ ದಾರವಿತ್ತು. ಅದನ್ನೇ ಕೇಳಿ ಪಡೆದು ಅಲ್ಲೇ ಹೊಲಿಯಲು ಕೂತ.

ಕತೆ ಮುಗಿಯಿತು. ಶಿಷ್ಯ ತಲೆ ತಗ್ಗಿಸಿ ತಾನು ಕೆರೆದಿದ್ದ ಜಾಗವನ್ನು ಪುಟದಲ್ಲಿ ಹುಡುಕುತ್ತಿದ್ದ. ಅದು ಬೇಗ ಸಿಗಲಿಲ್ಲ.

ಗುರುಗಳು ಕೆಂಪು ಶಾಯಿಯ ಕುಡಿಕೆಯನ್ನು ಅವನತ್ತ ಸರಿಸಿದರು. “ಕೈ ತಪ್ಪಿದ ಜಾಗ ಕಾಣದೆ, ಮತ್ತೊಮ್ಮೆ ತಾಳೆ ನೋಡದೆ, ನಿನ್ನ ಅಳತೆ ನಂಬಿ ನಾಳೆ ಮದ್ದು ಅರೆಯುವವಳ ಮಡಿಲಲ್ಲಿ ಯಾರ ಕೂಸಿದೆಯೋ, ಬಲ್ಲೆಯಾ?”

ಶಿಷ್ಯ ಲೇಖನಿಯನ್ನು ಆ ಕುಡಿಕೆಯಲ್ಲಿ ಅದ್ದಿದ.