ತೂಬಿಗೆ ಕಟ್ಟದ ಬೇವಿನ ಸೊಪ್ಪು

ಮಾರ್ಗಶಿರ ಶುದ್ಧ ದಶಮಿ, ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ನಾನು ಗುರುಗಳನ್ನು ಕೇಳಿದೆ: “ಗಿಡಮೂಲಿಕೆಯನ್ನು ಸೇವಿಸುವುದಕ್ಕೂ ವೈದ್ಯರ ಅಪ್ಪಣೆ ಬೇಕೇ?”

ಪ್ರಶ್ನೆಗೆ ಕಾರಣವಿತ್ತು. ನನ್ನ ಕಾಲಿನ ರಕ್ತನಾಳವೊಂದು ಕಿರಿದಾಗಿದೆ. ರಕ್ತ ಹೆಪ್ಪುಗಟ್ಟದಿರಲೆಂದು ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಅದರೊಂದಿಗೆ ಬೆಳ್ಳುಳ್ಳಿ ಮತ್ತು ಅರಿಶಿನದ ಸಾರ ತುಂಬಿದ ಕ್ಯಾಪ್ಸೂಲ್‌ಗಳನ್ನು ನಾನಾಗಿಯೇ ತೆಗೆದುಕೊಳ್ಳತೊಡಗಿದ್ದೆ. ನಾಳಗಳಿಗೆ ಒಳ್ಳೆಯದೆಂದು ಓದಿದ್ದೆ. ವೈದ್ಯರಿಗೆ ತಿಳಿಸಿರಲಿಲ್ಲ. ಈಚೆಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಮುಂಗೈಯಲ್ಲಿ, ಪೆಟ್ಟು ಬಿದ್ದ ನೆನಪೇ ಇಲ್ಲದೆ, ನೀಲಿ ಕಲೆಗಳು ಎದ್ದಿದ್ದವು. ಸೋಮವಾರ ಒಂದು ದವಡೆ ಹಲ್ಲನ್ನು ಕೀಳಿಸಬೇಕಿತ್ತು.

ಮಾತ್ರೆಯ ವಿಷಯವನ್ನೂ ಎರಡು ಸೀಸೆ ಕ್ಯಾಪ್ಸೂಲ್‌ಗಳ ವಿಷಯವನ್ನೂ ಗುರುಗಳಿಗೆ ಹೇಳಿ, “ಸಸ್ಯಶಾಸ್ತ್ರವನ್ನು ಬೋಧಿಸಿದವಳು ನಾನು,” ಎಂದೆ. “ನನ್ನ ವಿದ್ಯಾರ್ಥಿಗಳ ವಯಸ್ಸಿನ ವೈದ್ಯರನ್ನು ಬೆಳ್ಳುಳ್ಳಿಗಾಗಿ ಕೇಳಬೇಕೇ?”

ಗುರುಗಳು ನಕ್ಕರು. “ಸಾರಿನ ಒಗ್ಗರಣೆಗೆ ಯಾರನ್ನೂ ಕೇಳಬೇಡ ತಾಯಿ. ಸೀಸೆಯಲ್ಲಿ ಬರುವ ಬೆಳ್ಳುಳ್ಳಿ ಒಗ್ಗರಣೆಯದಲ್ಲವಲ್ಲ. ಕುಳಿತುಕೋ.”

ಅನಂತರ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಕೆರೆಯಿತ್ತು. ಕೆರೆಯ ನೀರು ತೂಬಿನಿಂದ ಕಾಲುವೆಗೆ ಇಳಿದು ಗದ್ದೆಗಳಿಗೆ ಹೋಗುತ್ತಿತ್ತು. ತೂಬನ್ನು ಎತ್ತುವುದೂ ಇಳಿಸುವುದೂ ನೀರುಗಂಟಿಯ ಕೆಲಸ. ಕಾಲುವೆ ಹಳೆಯದು. ಅದರ ದಂಡೆ ಎಷ್ಟು ನೀರನ್ನು ತಾಳಬಲ್ಲದೆಂದು ತಿಳಿದು ಅವನು ನೀರು ಬಿಡುತ್ತಿದ್ದ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ತಮ್ಮ ಬಾವಿಯ ನೀರನ್ನೋ ಬುಗ್ಗೆಯ ನೀರನ್ನೋ ಕಾಲುವೆಗೆ ಸೇರಿಸಿದರೆ ತೂಬಿನ ಕಂಬಕ್ಕೆ ಬೇವಿನ ಸೊಪ್ಪು ಕಟ್ಟಬೇಕು. ಸೊಪ್ಪನ್ನು ಕಂಡರೆ ನೀರುಗಂಟಿ ತೂಬನ್ನು ಅಷ್ಟು ಇಳಿಸುತ್ತಿದ್ದ.

ಒಬ್ಬ ರೈತನ ಮೇಲಿನ ಹೊಲದಲ್ಲಿ ಒಂದು ಬುಗ್ಗೆಯಿತ್ತು. ಅದರ ನೀರು ತಿಳಿಯಾಗಿತ್ತು, ಸಿಹಿಯಾಗಿತ್ತು. ಬಾಣಂತಿಯರಿಗೆಂದು ಊರವರು ಅದನ್ನು ಒಯ್ಯುತ್ತಿದ್ದರು. ಕೆಳಗಿನ ಗದ್ದೆಯಲ್ಲಿ ಅವನ ಭತ್ತ ತೆನೆ ಕಟ್ಟುತ್ತಿತ್ತು. ಕೆರೆಯ ನೀರಿನಿಂದಲೇ ಅದು ಅಲ್ಲಿಯವರೆಗೆ ಬೆಳೆದಿತ್ತು. ಆದರೂ ಇಷ್ಟು ಒಳ್ಳೆಯ ನೀರು ತನ್ನ ಗದ್ದೆಗೇ ದಕ್ಕುತ್ತಿಲ್ಲವೆಂಬ ಕೊರಗು ಅವನಿಗಿತ್ತು. ಅವನು ಬುಗ್ಗೆಯನ್ನು ಕಾಲುವೆಗೆ ತಿರುಗಿಸಿದ.

ಮನೆಗೆ ಬಂದಾಗ ಹೆಂಡತಿ ಕೇಳಿದಳು: “ಸೊಪ್ಪು ಕಟ್ಟಿ ಬಂದಿರಾ?”

“ಯಾತಕ್ಕೆ? ನನ್ನ ಬುಗ್ಗೆ, ನನ್ನ ಗದ್ದೆ. ಆ ನೀರುಗಂಟಿಯ ಅಪ್ಪಣೆ ಬೇಕೇ? ಅವನು ತೊಟ್ಟಿಲಲ್ಲಿದ್ದಾಗ ಅವನ ಅವ್ವ ಇದೇ ನೀರನ್ನು ಕಾಯಿಸಿ ಕುಡಿಸಿದ್ದಾಳೆ.”

“ಅಪ್ಪಣೆ ಕೇಳಿ ಎಂದವರು ಯಾರು? ಸೊಪ್ಪು ಕಟ್ಟಿ ಎಂದೆ. ಬೇವಿನ ಮರವೇನು ಕಾಶಿಯಲ್ಲಿದೆಯೇ?”

ರೈತ ಊಟಕ್ಕೆ ಕುಳಿತ. ಸೊಪ್ಪನ್ನು ಕಟ್ಟಲೇ ಇಲ್ಲ.

ಕೆಲವು ದಿನ ಗದ್ದೆ ಹಸಿರಾಗಿ ಕಂಡಿತು. ಆಮೇಲೆ ಕಾಲುವೆಯ ತಿರುವಿನಲ್ಲಿ, ದಂಡೆಯ ಹೊರಮೈಯಲ್ಲಿ, ನೀರು ಜಿನುಗತೊಡಗಿತು. ರೈತ ಅದನ್ನು ನೋಡಿದ. ಒಂದು ಹಿಡಿ ಮಣ್ಣು ಮೆತ್ತಿದ. ಯಾರಿಗೂ ಹೇಳದೆ ಮನೆಗೆ ಹೋದ.

ಮರುದಿನ ಕೊನೆಯ ಗದ್ದೆಗಳವರು ಬಂದು ನೀರು ಸಾಲದೆಂದರು. ನೀರುಗಂಟಿ ಕಂಬದ ಕಡೆಗೆ ನೋಡಿದ. ಸೊಪ್ಪು ಇರಲಿಲ್ಲ. ದಂಡೆ ಇನ್ನೂ ತಾಳುತ್ತದೆಂದು ತಿಳಿದು ತೂಬನ್ನು ಇನ್ನಷ್ಟು ಎತ್ತಿದ. ಮಧ್ಯಾಹ್ನದ ಹೊತ್ತಿಗೆ ತಿರುವಿನಲ್ಲಿ ದಂಡೆ ಒಡೆಯಿತು. ನೀರು ನುಗ್ಗಿದ್ದು ರೈತನ ಗದ್ದೆಗೆ. ತೆನೆ ಕಟ್ಟಿದ ಭತ್ತವೆಲ್ಲ ಮರಳಿನ ಕೆಳಗೆ ಹೋಯಿತು.

ನೀರುಗಂಟಿ ತೂಬನ್ನು ಇಳಿಸಿ ಓಡಿ ಬಂದ. ಕಾಲುವೆಯಲ್ಲಿ ಆಗಲೂ ನೀರು ಬರುತ್ತಿತ್ತು. ಅದು ಎಲ್ಲಿಂದ ಬರುತ್ತಿದೆಯೆಂದು ಅವನು ತಲೆಯೆತ್ತಿ ನೋಡಿದ. ರೈತ ಆ ನೀರನ್ನೇ ಬೊಗಸೆಯಲ್ಲಿ ಹಿಡಿದು ಅವನ ಮುಂದೆ ಚಾಚಿದ.

“ಎಷ್ಟು ತಿಳಿಯಾಗಿದೆ ನೋಡು. ಇದು ದಂಡೆ ಒಡೆಯುವ ನೀರೇ?”

“ಕೆರೆಯ ನೀರೂ ಒಳ್ಳೆಯದೇ ಯಜಮಾನರೇ,” ಎಂದ ನೀರುಗಂಟಿ. “ಎರಡೂ ಬರುತ್ತಿವೆಯೆಂದು ನನಗೆ ತಿಳಿದಿರಲಿಲ್ಲ.”

ರೈತ ಗದ್ದೆಯ ಕಡೆಗೆ ತಿರುಗಿದ. ಬೊಗಸೆಯ ನೀರು ಬೆರಳ ಸಂದಿನಿಂದ ಸೋರಿ ಹೋಯಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಬುಗ್ಗೆಯ ನೀರಿನಲ್ಲಿ ದೋಷವಿರಲಿಲ್ಲವಲ್ಲ?” ಎಂದೆ.

“ಇರಲಿಲ್ಲ. ಆದರೆ ದಂಡೆಗೆ ನೀರಿನ ಗುಣ ತಿಳಿಯದು, ಭಾರ ತಿಳಿಯುತ್ತದೆ.”

ನಾನು ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡೆ. ಗುರುಗಳು ಅದನ್ನು ಗಮನಿಸಿದರು.

“ನನ್ನಿಂದ ಮುಚ್ಚುವುದಾದರೆ ಮುಚ್ಚು ತಾಯಿ, ತೂಬು ಯಾರ ಕೈಯಲ್ಲಿದೆಯೋ ಅವರಿಂದ ಮುಚ್ಚಬೇಡ.”

ನಾನು ಮುಂಗೈಯ ಮೇಲಿನ ಸೆರಗನ್ನು ಸರಿಸಿದೆ.

ಎರಡೂ ಸೀಸೆಗಳನ್ನು ಅಂದೇ ರಕ್ತನಾಳದ ವೈದ್ಯರ ಮೇಜಿನ ಮೇಲೆ ಇಡಬೇಕೆಂದೂ, ಅವರು ಹೇಳುವವರೆಗೆ ಹಲ್ಲು ಕೀಳಿಸಬಾರದೆಂದೂ ನಿರ್ಧರಿಸಿದೆ.